ಎಷ್ಟು ಕೊಡುತ್ತೆ?

ಕಾರು ಕೊಂಡವರನ್ನು ನಾವು ಮೊದಲು ಕೇಳುವುದು ‘ಎಷ್ಟು ಕೊಡುತ್ತೆ?’ ಎಂದು. ಎಷ್ಟು ತಿನ್ನುತ್ತೆ ಎಂದು ಯಾರೂ ಕೇಳುವುದಿಲ್ಲ. ಡೀಸೆಲ್ ಕಾರೆಂದರೆ ಉಳಿತಾಯ ಎಂಬ ನಂಬಿಕೆ ನಿಂತಿರುವುದೇ ಈ ಅರ್ಧ ಪ್ರಶ್ನೆಯ ಮೇಲೆ.

ಲೆಕ್ಕ ಹಾಕೋಣ. ಒಂದೇ ಮಾದರಿಯ ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಹೆಚ್ಚು ಎನ್ನಿ. ಪೆಟ್ರೋಲ್ ಲೀಟರಿಗೆ 102 ರೂಪಾಯಿ, ಓಡುವುದು 15 ಕಿಲೋಮೀಟರ್. ಡೀಸೆಲ್ 90 ರೂಪಾಯಿ, 20 ಕಿಲೋಮೀಟರ್. ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ. ಹೆಚ್ಚುವರಿ ಹಣ ಮರಳಲು ಸುಮಾರು 65,000 ಕಿಲೋಮೀಟರ್ ಓಡಬೇಕು. ದಿನಕ್ಕೆ 20 ಕಿಲೋಮೀಟರ್ ಓಡಿಸುವವರಿಗೆ ಹತ್ತಿರ ಹತ್ತಿರ ಒಂಬತ್ತು ವರ್ಷ! ಸಾಲದ ಬಡ್ಡಿ, ವಿಮೆ, ಕಾರಿನ ಬೆಲೆಯ ಮೇಲೇ ಬೀಳುವ ರಸ್ತೆ ತೆರಿಗೆ ಇದರಲ್ಲಿ ಸೇರಿಲ್ಲ. ಬಿಎಸ್-6 ಡೀಸೆಲ್ ಕಾರಿನ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಯಾಗಲು ಹೆದ್ದಾರಿಯ ಓಟ ಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಅದೆಲ್ಲಿ?

ಹಿಂದೆ ಡೀಸೆಲ್ ಅಗ್ಗವಾಗಿದ್ದುದೂ ಧರ್ಮಕ್ಕಲ್ಲ. ಬಸ್ಸು, ಲಾರಿ, ಪಂಪ್‌ಸೆಟ್ಟುಗಳ ಹೆಸರಿನಲ್ಲಿ 2014ರ ಅಕ್ಟೋಬರ್‌ವರೆಗೆ ಸರ್ಕಾರ ಹಿಡಿದಿಟ್ಟಿದ್ದ ದರ ಅದು. ಎಸ್‌ಯುವಿ ಕೊಂಡವರೂ ಆ ಪಂಕ್ತಿಯಲ್ಲಿ ಕೂತು ಉಂಡರು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಹೇಳಿತ್ತು. ಆ ಖರ್ಚು ಮಾಲೀಕರ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಸಿಗ್ನಲ್ಲಿನಲ್ಲಿ ಹೂ ಮಾರುವಾಕೆಯ ಎದೆಗೂಡಿಗೆ ಹೋಗುತ್ತದೆ.

ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವರ ಲೆಕ್ಕ ಬೇರೆ, ಅವರೊಡನೆ ನನ್ನ ಜಗಳವಿಲ್ಲ. ಜಗಳವಿರುವುದು ವಾರವಿಡೀ ಕಾರಿಗೆ ಕವರ್ ಹೊದಿಸಿಟ್ಟು, ಭಾನುವಾರ ಮಾಲ್‌ಗೆ ಹೋಗುತ್ತಾ ‘ಇಪ್ಪತ್ತು ಕೊಡುತ್ತೆ’ ಎನ್ನುವವರೊಡನೆ.