ಹಿತ್ತಲಿನ ನಕ್ಷೆಗೆ ಯಾವ ಸಾಫ್ಟ್‌ವೇರ್?

ಆಲೂರು ಕಡೆಯ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೊಸ ಮನೆ ಆಗಿದೆ. ಮನೆಯೂ ಸೇರಿ ಐದು ಗುಂಟೆ ಇಳಿಜಾರು ಜಾಗ. ಹಿತ್ತಲು ಮಾಡುವ ಮೊದಲು ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷೆ ಬರೆಯಬೇಕೆಂಬ ಆಸೆ. "ಪೇಟೆಯಲ್ಲಿ ದುಬಾರಿ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಿಂದ ಪುಕ್ಕಟೆ ಹಾಕಿಕೊಡುತ್ತಾರಂತೆ, ಹಾಕಿಸಿಕೊಳ್ಳಲೇ?" ಎಂದು ಕೇಳಿದ್ದಾರೆ.

ಬೇಡ ಸಹೋದರಿ. ಅದು ಕಳ್ಳಪ್ರತಿ. ಇನ್ನೊಬ್ಬರ ದುಡಿಮೆಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವುದು ಪರರ ಹಕ್ಕಿಗೆ ಕೈ ಹಾಕಿದಂತೆ. ಜೊತೆಗೆ ವೈರಸ್ಸೂ ಬರುವುದುಂಟು. 'ಫ್ರೀ' ಎಂದು ಬರೆದುಕೊಂಡ ಇನ್ನು ಕೆಲವು ಇವೆ. ನಕ್ಷೆಯೆಲ್ಲ ಬರೆದು ಮುಗಿಸಿದ ಮೇಲೆ ಉಳಿಸಲು ದುಡ್ಡು ಕೇಳುತ್ತವೆ. ಅವೂ ಬೇಡ. ತಯಾರಿಸಿದವರೇ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಸಾಫ್ಟ್‌ವೇರ್‌ಗಳಿವೆ, ಅವನ್ನು ನೆರೆಮನೆಯವರಿಗೆ ಹಂಚಿದರೂ ತಪ್ಪಿಲ್ಲ.

ಅವುಗಳಲ್ಲಿ 2003ರಲ್ಲಿ ಶುರುವಾದ ಇಂಕ್‌ಸ್ಕೇಪ್ ಚಂದದ ಚಿತ್ರಕ್ಕೆ ಒಳ್ಳೆಯದು, ಆದರೆ ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಸ್ಕೆಚ್‌ಅಪ್‌ನ ಉಚಿತ ರೂಪ ಇಂಟರ್ನೆಟ್ಟಿನಲ್ಲೇ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ನೆಟ್‌ವರ್ಕನ್ನು ನಂಬಿ ಕೂತರೆ ಕೆಲಸ ಆದ ಹಾಗೆಯೇ! ನನ್ನ ಆಯ್ಕೆ ಲಿಬ್ರೆಆಫೀಸ್‌ನ ಡ್ರಾ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಕನ್ನಡದ ಮೆನುವೂ ಇದೆ.

ಲೆಕ್ಕ ಸುಲಭ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಟ್ಟುಕೊಳ್ಳಿ. ಐದು ಗುಂಟೆ ಎಂದರೆ ಸುಮಾರು 505 ಚದರ ಮೀಟರ್. ಜಾಗದ ಉದ್ದಗಲ ಹಾಳೆಯ ಉದ್ದಗಲಕ್ಕೆ ಹೊಂದಿದರೆ ಒಂದು ಎ4 ಹಾಳೆಯಲ್ಲೇ ಕೂರುತ್ತದೆ. ಅಳೆಯುವಾಗ ಟೇಪನ್ನು ಇಳಿಜಾರಿನ ಮೇಲೆ ಮಲಗಿಸಬೇಡಿ, ಮಟ್ಟವಾಗಿ ಎಳೆದು ಹಿಡಿಯಿರಿ. ಇಲ್ಲದಿದ್ದರೆ ಹಾಳೆಯಲ್ಲಿ ಜಾಗ ಹೆಚ್ಚು ಕಾಣುತ್ತದೆ. ನಕ್ಷೆಯಲ್ಲಿ ಏರು ತಗ್ಗು ಕಾಣದು, ಆದ್ದರಿಂದ ನೀರು ಹರಿಯುವ ದಿಕ್ಕಿಗೆ ಮೊದಲೇ ಬಾಣದ ಗುರುತು ಹಾಕಿ.

ಡ್ರಾದಲ್ಲಿ 'ಲೇಯರ್' ಎಂಬುದಿದೆ. ಒಂದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟಂತೆ. ಮೊದಲ ಲೇಯರಿನಲ್ಲಿ ಮನೆ, ಬಾವಿ, ಕಕ್ಕಸು ಗುಂಡಿ. ನಕ್ಷೆಯ ನಿಜವಾದ ಉಪಯೋಗ ಇಲ್ಲಿದೆ. ಗುಂಡಿ ಬಾವಿಗಿಂತ ಮೇಲಿದ್ದರೆ ಮಳೆಗಾಲದಲ್ಲಿ ಏನಾಗುತ್ತದೆಂದು ಹೇಳಬೇಕೇ? ಇಂಗುಗುಂಡಿಯಿಂದ ಕುಡಿಯುವ ನೀರಿಗೆ ಕನಿಷ್ಠ 18 ಮೀಟರ್ ಇರಬೇಕೆನ್ನುತ್ತದೆ ಭಾರತೀಯ ಮಾನಕ. ನಿಮ್ಮ ಹಾಳೆಯಲ್ಲಿ ಅದು 18 ಸೆಂಟಿಮೀಟರ್. ಪಕ್ಕದ ಮನೆಯವರ ಬಾವಿಯನ್ನೂ ಗುರುತಿಸಿ, ಅವರು ಕೆಳಗಿದ್ದರೆ ಮುಖ್ಯವಾಗಿ. ನೆರೆಯವರ ಹಕ್ಕೂ ನಮ್ಮ ಮೇಲಿದೆ.

ಎರಡನೆಯ ಲೇಯರಿನಲ್ಲಿ ಬಸಿಗಾಲುವೆ. ಬಚ್ಚಲು ನೀರು ಬಾಳೆ, ಕೆಸುವಿನ ಬುಡಕ್ಕೆ ಹೋಗಲಿ. ಧರೆ ಕಡಿದು ಮನೆ ಕಟ್ಟಿದ್ದರೆ ಮಳೆನೀರು ಧರೆಯ ಮೇಲಿನಿಂದ ಸುರಿಯದಂತೆ ಪಕ್ಕಕ್ಕೆ ತಿರುಗಿಸಿ.

ಮರಗಳಿಗೆ ಮೂರನೆಯದು. ಸಸಿಯ ಗಾತ್ರದ ಚುಕ್ಕಿ ಇಡಬೇಡಿ, ಬೆಳೆದ ಮರದ ಹರವಿನಷ್ಟು ವೃತ್ತ ಬರೆಯಿರಿ. ಹಲಸಿಗೆ ಎಂಟು ಹತ್ತು ಸೆಂಟಿಮೀಟರ್, ನಿಂಬೆಗೆ ಮೂರು. ಹೆಂಚಿನ ಮೇಲೆ ವೃತ್ತ ಬಂತೋ, ಆ ಸಸಿ ಅಲ್ಲಿ ಬೇಡ. ತರಕಾರಿ ಪಾತಿಗೆ ಉಳಿದ ಬಿಸಿಲಿನ ಜಾಗ ಸಾಕು.

ಇನ್ನು ಆನೆ. ಹೈಕೋರ್ಟಿನ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರಿನ ಸಮಸ್ಯೆಯನ್ನು ಬೇರೆಯಾಗಿಯೇ ಚರ್ಚಿಸಿತ್ತು, ನಿಮಗಿದು ಹೊಸದಲ್ಲ. ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಏನನ್ನು ತಿಂದರೂ ಅದು ಸದಕ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಾಗೆಂದು ಆನೆಯ ಸದಕವನ್ನು ಅಡುಗೆಮನೆಯ ಗೋಡೆಗೆ ತಾಗಿಸಿ ನೆಡಬೇಕಿಲ್ಲ! ಬಾಳೆ, ಹಲಸನ್ನು ಮಕ್ಕಳು ಮಲಗುವ ಕೋಣೆಯಿಂದ ಆದಷ್ಟು ದೂರವಿಡಿ, ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿ. ಆನೆ ಪದೇ ಪದೇ ಬರುವ ಜಾಗವಾದರೆ ಬಾಳೆಯ ಆಸೆ ಬಿಟ್ಟುಬಿಡಿ, ಹೊಟ್ಟೆ ಉರಿದರೂ ಸರಿ. ಆಗ ಬಚ್ಚಲು ನೀರು ಕೆಸುವಿಗೇ ಸಾಕು.

ಪ್ರಿಂಟ್ ಹಾಕಿಸುವಾಗ ಅಳತೆ 100 ಶೇಕಡಾ ಇರಲಿ, 'ಹಾಳೆಗೆ ಹೊಂದಿಸು' ಎಂದರೆ ಸೆಂಟಿಮೀಟರ್ ಲೆಕ್ಕ ಕೆಡುತ್ತದೆ. ಒಂದು ಪಿಡಿಎಫ್ ಪ್ರತಿ ನಿಮ್ಮ ಫೋನಿನಲ್ಲೂ ಇರಲಿ. ಗುಂಡಿ ತೋಡುವವರು ಬಂದ ದಿನ ಮಗಳು ಕಾಲೇಜಿಗೆ ಹೋಗಿದ್ದರೂ ನೀವೇ ತೋರಿಸಬಹುದು.