ಫಾರ್ಮ್ಯಾಟ್ ಮಾಡಿ ಸಾರ್!

ಕಂಪ್ಯೂಟರ್‌ಗೆ ಏನೇ ಕಾಯಿಲೆ ಬರಲಿ, ಕಸ್ಟಮರ್ ಕೇರ್‌ನವರ ಹತ್ತಿರ ಇರೋದು ಮೂರೇ ಕಷಾಯ. ಆಫ್ ಮಾಡಿ ಆನ್ ಮಾಡಿ. ಡ್ರೈವರ್ ಅಪ್‌ಡೇಟ್ ಮಾಡಿ. ಎರಡಕ್ಕೂ ಬಗ್ಗಲಿಲ್ವಾ, ಫಾರ್ಮ್ಯಾಟ್ ಮಾಡಿ. ಮೊದಲೆರಡರಿಂದ ನಷ್ಟವೇನಿಲ್ಲ, ಹತ್ತು ನಿಮಿಷ ಹೋಗುತ್ತೆ ಅಷ್ಟೇ. ಮೂರನೆಯದು ಮಾತ್ರ ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಂಡ ಹಾಗೆ.

ನಮ್ಮಪ್ಪ ಸಾಗರದಲ್ಲಿರೋದು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ, 1964ರ ಹೊತ್ತಿಗೆ ನೀರು ನಿಲ್ಲಿಸಿದಾಗ ಮುಳುಗಿ ಹೋದ ಊರುಗಳ ಹೆಸರು, ಅಲ್ಲಿದ್ದ ಮನೆ, ಗದ್ದೆ, ಬನ, ದೇವಸ್ಥಾನಗಳ ವಿವರಗಳನ್ನ ಆರು ವರ್ಷದಿಂದ ಒಟ್ಟುಮಾಡ್ತಿದಾರೆ. ಆ ಊರುಗಳಿಂದ ಎದ್ದು ಬಂದ ಅಜ್ಜ ಅಜ್ಜಿಯರನ್ನ ಹುಡುಕಿಕೊಂಡು ಹೋಗಿ ಕೇಳೋದು, ಮನೆಗೆ ಬಂದು ನುಡಿಯಲ್ಲಿ ಟೈಪ್ ಮಾಡೋದು. ಅದಕ್ಕೇ ಅಂತ ತಗೊಂಡ ಡೆಸ್ಕ್‌ಟಾಪ್‌ಗೆ ಹದಿನಾಲ್ಕು ತಿಂಗಳು. ವಾರಂಟಿ ಮೂರು ವರ್ಷ.

ಮಾರ್ಚ್‌ನಲ್ಲಿ ಒಂದು ದಿನ ಸ್ಕ್ರೀನ್ ಬರೋದೇ ನಿಂತಿತು. ಅಪ್ಪ ಫೋನ್‌ನಲ್ಲೇ ಅನುಕರಣೆ ಮಾಡಿ ತೋರಿಸಿದರು: "ಕೂಂ...ಕ್, ಕೂಂ...ಕ್ ಅಂತಿದೆ ಕಣೋ, ನಿಲ್ಲಿಸೋದೇ ಇಲ್ಲ."

ಮೇಷ್ಟ್ರ ಕಿವಿ, ಸರಿಯಾಗೇ ಕೇಳಿಸಿಕೊಂಡಿದ್ದರು. ಪವರ್ ಬಟನ್ ಒತ್ತಿದ ಕೂಡಲೇ, ವಿಂಡೋಸ್ ಏಳೋದಕ್ಕೂ ಮೊದಲು, ಮದರ್‌ಬೋರ್ಡ್ ತನ್ನ ಅಂಗಾಂಗಗಳನ್ನ ತಾನೇ ಪರೀಕ್ಷೆ ಮಾಡಿಕೊಳ್ಳುತ್ತೆ. ಸ್ಕ್ರೀನ್ ಮೇಲೆ ಬರೆದು ಹೇಳೋ ಸ್ಥಿತಿಯಲ್ಲೂ ಇಲ್ಲದಿದ್ದರೆ ಬೀಪ್ ಹಾಕಿ ಹೇಳುತ್ತೆ. ಈ ಸಂಕೇತ ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಬಿಡದೆ ಬರೋ ಉದ್ದ ಬೀಪ್ ಅಂದ್ರೆ ಎಷ್ಟೋ ಬೋರ್ಡ್‌ಗಳಲ್ಲಿ ರ‍್ಯಾಮ್ ತೊಂದರೆ. ವಿಂಡೋಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದಿನ್ನೂ ಹಾಸಿಗೆಯಿಂದಲೇ ಎದ್ದಿಲ್ಲ!

ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ್ವಿ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ. ಕನ್ನಡಕ್ಕೆ ಒತ್ತೋಕೆ ನಂಬರೇ ಇಲ್ಲ. ನಾನು ಬೆಂಗಳೂರಿಂದ ಕಾನ್ಫರೆನ್ಸ್ ಕಾಲ್‌ನಲ್ಲಿ ದುಭಾಷಿ. ಆ ಕಡೆಯ ಹುಡುಗ ಕೇಳಿದ ಮೊದಲ ಪ್ರಶ್ನೆ, "ವಿಂಡೋಸ್ ವರ್ಷನ್ ಯಾವುದು?" ಸ್ಕ್ರೀನೇ ಬರ್ತಿಲ್ಲ ಅಂದೆ. "ಓಕೆ ಸಾರ್, ಸ್ಟಾರ್ಟ್ ಬಟನ್ ಮೇಲೆ ಕ್ಲಿಕ್ ಮಾಡಿ." ನಲವತ್ತು ನಿಮಿಷ ಆದ ಮೇಲೆ ತೀರ್ಪು ಬಂತು: ಫಾರ್ಮ್ಯಾಟ್.

ಅವನನ್ನ ಬೈಯೋಕೆ ಮನಸ್ಸಾಗಲಿಲ್ಲ. ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿದವರು ನಿಮ್ಮ ಗೆಳೆಯರಲ್ಲೂ ಇರ್ತಾರೆ, ಕೇಳಿ ನೋಡಿ. ಒಂದು ಕಾಲ್ ಎಷ್ಟು ನಿಮಿಷದಲ್ಲಿ ಮುಗೀತು, ಮೊದಲ ಕಾಲ್‌ನಲ್ಲೇ ಎಷ್ಟು ದೂರು ಬಗೆಹರೀತು, ಇದರ ಮೇಲೇ ಅವರಿಗೆ ಅಂಕ ಬೀಳೋದು. ಮುಂದೆ ತೆರೆದಿಟ್ಟ ಸ್ಕ್ರಿಪ್ಟ್‌ನಲ್ಲಿ ಒಂದು ಮೆಟ್ಟಿಲು ಹಾರೋ ಅಧಿಕಾರವೂ ಅವರಿಗಿಲ್ಲ. ಒಂದು ಕಾಲಕ್ಕೆ ರಾತ್ರಿಯಿಡೀ ಎದ್ದು ಕೂತು, ಹೆಸರು ಬದಲಿಸಿಕೊಂಡು, ಅಮೆರಿಕದವರ ಕಂಪ್ಯೂಟರ್ ರಿಪೇರಿಗೆ ದಾರಿ ಹೇಳಿಕೊಟ್ಟ ಊರು ನಮ್ಮದು. ಸಾಗರದ ಮೇಷ್ಟ್ರಿಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳೋರು ಸಿಗಲಿಲ್ಲ, ಇರಲಿ.

ಬಿಲ್ ಮೇಲೆ 'ಆನ್‌ಸೈಟ್ ವಾರಂಟಿ' ಅಂತ ದಪ್ಪಕ್ಷರದಲ್ಲಿದೆ. ಆದರೆ ನಮ್ಮ ಪಿನ್‌ಕೋಡ್ ಆ 'ಸೈಟ್' ಒಳಗೆ ಬರೋಲ್ವಂತೆ. ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೊತ್ತು ತನ್ನಿ ಅಂದರು. ಅಪ್ಪ ಸಿಪಿಯು ಅನ್ನ ಹಳೇ ಕಂಬಳಿಯಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ಹೋದರು. ಅಲ್ಲಿ ಒಂದು ಫಾರ್ಮ್ ಕೊಟ್ಟು ಸಹಿ ಹಾಕಿ ಅಂದ್ರು. ನಾವೆಲ್ಲ ಓದದೆ ಗೀಚಿಬಿಡ್ತೀವಲ್ಲ, ಅಪ್ಪ ಪೂರ್ತಿ ಓದಿದರು. ಡೇಟಾ ಹೋದರೆ ಕಂಪನಿ ಜವಾಬ್ದಾರಿಯಲ್ಲ, ಅಗತ್ಯ ಬಿದ್ದರೆ ಡಿಸ್ಕ್ ಬದಲಿಸಲಾಗುವುದು, ಹಳೆಯದು ಕಂಪನಿಗೆ ಸೇರಿದ್ದು.

ವಾರಂಟಿಯ ನಿಜ ಇರೋದೇ ಇಲ್ಲಿ. ಅದು ಡಬ್ಬಿಗೆ ಕೊಟ್ಟ ಮಾತು, ಡಬ್ಬಿಯ ಒಳಗಿರೋದಕ್ಕಲ್ಲ. ಡಿಸ್ಕ್ ಕೆಟ್ಟರೆ ಡಿಸ್ಕ್ ಕೊಡ್ತಾರೆ, ಖಾಲಿ ಡಿಸ್ಕ್. ಅಪ್ಪನ ಹತ್ತಿರ ಪೆನ್‌ಡ್ರೈವ್‌ನಲ್ಲಿ ದೀಪಾವಳಿವರೆಗಿನ ಕಾಪಿ ಇತ್ತು. ಅಲ್ಲಿಂದೀಚೆಗೆ ಟೈಪ್ ಮಾಡಿದ್ದು ಆ ಡಿಸ್ಕ್‌ನಲ್ಲಿ ಮಾತ್ರ. ಅದರಲ್ಲಿ ಒಬ್ಬ ಅಜ್ಜ ಹೇಳಿದ ಹದಿನೇಳು ಮನೆಗಳ ಪಟ್ಟಿ ಇತ್ತು, ಯಾರ ಮನೆ ಪಕ್ಕ ಯಾರದ್ದು, ಯಾರ ಅಂಗಳದಲ್ಲಿ ಯಾವ ಮರ ಅಂತ. ಸಂಕ್ರಾಂತಿ ಕಳೆದು ವಾರಕ್ಕೆ ಆ ಅಜ್ಜ ತೀರಿಕೊಂಡಿದ್ದರು.

"ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಡಿ, ಉಳಿದದ್ದು ಇಟ್ಕೊಳ್ಳಿ" ಅಂದರು ಅಪ್ಪ. ಹಾಗೆ ಮಾಡೋಕೆ ರೂಲ್ಸ್ ಇಲ್ಲ ಅಂದ್ರು. ನಾವೇ ಬಿಚ್ಚಿ ತರ್ತೀವಿ ಅಂದ್ರೆ ಸೀಲ್ ಹರಿಯುತ್ತೆ, ವಾರಂಟಿ ಹೋಗುತ್ತೆ. ಅಪ್ಪ ಮರುಮಾತಾಡದೆ ಕಂಬಳಿ ಸುತ್ತಿ ವಾಪಸ್ ಹೊರಟರು. ಸಂಜೆ ಮೊಬೈಲ್‌ಗೆ ಮೆಸೇಜ್: 'ನಿಮ್ಮ ಸಮಸ್ಯೆ ಬಗೆಹರಿದಿದೆ. ಒಂದರಿಂದ ಐದರವರೆಗೆ ಅಂಕ ಕೊಡಿ.'

ಆಮೇಲೆ ಫೋನ್ ಮಾಡೋದು ಬಿಟ್ಟು ಎಲ್ಲಾ ಈಮೇಲ್‌ನಲ್ಲೇ ಬರೆದ್ವಿ, ಬೀಪ್ ಶಬ್ದದ ವಿಡಿಯೋ ಸಮೇತ. ಉತ್ತರ ಬರಲಿಲ್ಲ. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಅಲ್ಲಿ ಕನ್ನಡದಲ್ಲಿ ದೂರು ಕೊಡಬಹುದು ಅಂತ ಗೊತ್ತಾಗಿದ್ದೇ ಅಪ್ಪ ನನ್ನ ಕೈಯಿಂದ ಫೋನ್ ಕಿತ್ಕೊಂಡ್ರು. ಅದು ಕೋರ್ಟ್ ಅಲ್ಲ, ಕಂಪನಿಗೆ ಆಜ್ಞೆ ಮಾಡೋಕಾಗಲ್ಲ, ದೂರನ್ನ ಮುಟ್ಟಿಸಿ ಉತ್ತರ ಕೇಳುತ್ತೆ ಅಷ್ಟೇ. ಅಷ್ಟಕ್ಕೇ ಒಂಬತ್ತನೇ ದಿನ, 'ಸೈಟ್' ಒಳಗೆ ಬರದ ನಮ್ಮ ಪಿನ್‌ಕೋಡ್‌ಗೆ ಬೈಕ್‌ನಲ್ಲಿ ಎಂಜಿನಿಯರ್ ಬಂದ.

ಒಳ್ಳೇ ಹುಡುಗ. ಮುಚ್ಚಳ ತೆಗೆದ, ಎರಡು ರ‍್ಯಾಮ್ ಕಡ್ಡಿಗಳಲ್ಲಿ ಒಂದನ್ನ ಕಿತ್ತ, ಮಷೀನ್ ಎದ್ದು ಕೂತಿತು. ಸತ್ತಿದ್ದು ಒಂದು ಕಡ್ಡಿ ಮಾತ್ರ. ಡಿಸ್ಕ್ ಕಡೆ ಕೈಯೂ ಹೋಗಲಿಲ್ಲ. ಹೊಸ ಕಡ್ಡಿ ಅವತ್ತು ಸಿಗಲಿಲ್ಲ, ಇನ್ನೊಂದು ವಾರ ಬೇಕಾಯ್ತು. ಯಾಕಂದ್ರೆ ಅವನ ಮೊಬೈಲ್‌ನಲ್ಲಿದ್ದ ಟಿಕೆಟ್‌ನಲ್ಲಿ ಬರೆದಿದ್ದು 'ವಿಂಡೋಸ್ ನಿಧಾನ' ಅಂತ. "ಬೀಪ್ ಬರ್ತಿದೆ ಅಂತ ಒಂದು ಪದ ಹಾಕಿದ್ರೆ ಕಡ್ಡಿ ತಗೊಂಡೇ ಬರ್ತಿದ್ದೆ ಸಾರ್" ಅಂದ. ಇಪ್ಪತ್ತಮೂರು ದಿನದ ಹಿಂದೆ ಅಪ್ಪ ಬಾಯಲ್ಲೇ ಕೂಗಿ ಹೇಳಿದ್ದು ಆ ಒಂದು ಪದವನ್ನೇ.

1915ರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೇ ಟಿಕೆಟ್ ನಂಬರ್, ಈಮೇಲ್, 'ಬಗೆಹರಿದಿದೆ' ಅನ್ನೋ ಸುಳ್ಳು ಮೆಸೇಜ್, ಯಾವುದನ್ನೂ ಡಿಲೀಟ್ ಮಾಡಬೇಡಿ.

ಊರಲ್ಲಿರೋ ಅಪ್ಪ ಅಮ್ಮನಿಗೆ ಕಂಪ್ಯೂಟರ್ ಕೊಡಿಸೋರು, ಅಂಗಡಿಯವನು ಬಿಲ್ ಹರಿಯೋ ಮೊದಲೇ ಎರಡು ವಿಷಯ ಕೇಳಿಬಿಡಿ: ಆನ್‌ಸೈಟ್ ಅಂದ್ರೆ ನಮ್ಮ ಪಿನ್‌ಕೋಡ್‌ಗೂ ಬರ್ತಾರಾ? ರಿಪೇರಿಗೆ ಹೋದಾಗ ಡಿಸ್ಕ್ ನಮ್ಮ ಹತ್ತಿರ ಉಳಿಸಿಕೊಳ್ಳಬಹುದಾ? ಎರಡನೆಯದಕ್ಕೆ ಕೆಲವು ಕಂಪನಿಗಳು ಬೇರೆ ದುಡ್ಡು ಕೇಳ್ತಾವೆ. ಆದ್ರೂ ಉತ್ತರವನ್ನ ಬಿಲ್ ಮೇಲೇ ಬರೆಸ್ಕೊಳ್ಳಿ.