ಅಳತೆಗೋಲು ಒಂದೇ ಇರಲಿ

2025ರ ಜೂನ್ 4ರ ಸಂಜೆ ನಾನು ಮಲ್ಲಿಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಜಗಳವಾಡುತ್ತಿದ್ದೆ. ಹಿಂದಿನ ರಾತ್ರಿಯಷ್ಟೇ ಅಹಮದಾಬಾದಿನಲ್ಲಿ ಆರ್‌ಸಿಬಿ ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನುಗಳಿಂದ ಗೆದ್ದಿತ್ತು. ವರ್ಷಗಳಿಂದ ಹೇಳಿಕೊಂಡು ಬಂದಿದ್ದ ‘ಈ ಸಲ ಕಪ್ ನಮ್ದೇ’ ಕೊನೆಗೂ ನಿಜವಾಗಿತ್ತು. ಊರಲ್ಲಿ ಹೊಡೆದ ಪಟಾಕಿಯ ಕಾಗದ ಇನ್ನೂ ರಸ್ತೆಯಲ್ಲೇ ಬಿದ್ದಿತ್ತು. ಅಷ್ಟರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತವಾಗಿದೆ ಎಂಬ ಸುದ್ದಿ ಬಂತು. ಸತ್ತವರ ಸಂಖ್ಯೆ ಏರುತ್ತಾ ಹೋಗಿ 11ಕ್ಕೆ ನಿಂತಿತು. ಅವರಲ್ಲಿ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು.

ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಬಣಗಳಾಗಿದ್ದವು. ಒಬ್ಬ ಎಲ್ಲವೂ ಸರ್ಕಾರದ ತಪ್ಪು ಎಂದ. ಇನ್ನೊಬ್ಬ ಪೊಲೀಸರನ್ನು ಬೈದ. ಮತ್ತೊಬ್ಬಳು ಹೋದವರಿಗೇ ಬುದ್ಧಿಯಿಲ್ಲ ಎಂದಳು. ನಾನು ಮಾತ್ರ ‘ತಂಡದ ಹೆಸರು ಎಳೀಬೇಡಿ’ ಎಂದು ಒಂದೇ ಸಮನೆ ಟೈಪ್ ಮಾಡುತ್ತಿದ್ದೆ. ಅಲ್ಲಿ ಏನಾಗಿದೆ ಎಂಬುದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ಒಂದೇ, ನಾನು ಆರ್‌ಸಿಬಿ ಅಭಿಮಾನಿ.

ಆಗ ಬಾಲ್ಯದ ಗೆಳೆಯನೊಬ್ಬನ ಅಮ್ಮ ಫೋನ್ ಮಾಡಿದರು. ‘ಮಗಾ, ಬೆಳಗ್ಗೆ ಬೆಂಗ್ಳೂರಿಗೆ ಹೋದೋನು, ಫೋನೇ ಹೋಗ್ತಿಲ್ಲ. ನಿಂಗೇನಾದ್ರೂ ಮಾಡಿದ್ನಾ?’ ಅವರ ದನಿ ಕೇಳಿ ನನ್ನ ಕೈ ತಣ್ಣಗಾಯಿತು. ಅವನು ಹೋಗಿರುವುದು ನನಗೆ ಗೊತ್ತಿತ್ತು. ಆದರೂ ಒಂದು ಗಂಟೆಯಿಂದ ನಾನು ಅವನಿಗೆ ಒಂದು ಕರೆಯನ್ನೂ ಮಾಡಿರಲಿಲ್ಲ. ರಾತ್ರಿ ಹತ್ತರ ಮೇಲೆ ಯಾರದೋ ಫೋನಿನಿಂದ ಅವನೇ ಮನೆಗೆ ಮಾತನಾಡಿದ. ಎರಡು ದಿನ ಬಿಟ್ಟು ಊರಿಗೆ ಬಂದ. ಏಟೇನೂ ಆಗಿರಲಿಲ್ಲ, ಒಂದು ಚಪ್ಪಲಿ ಹೋಗಿತ್ತು. ಗುಂಪಿನ ಮೆಸೇಜುಗಳನ್ನೆಲ್ಲ ಓದಿ ಅವನು ಹೇಳಿದ್ದು ಇಷ್ಟೇ: ‘ಯಾರ ತಪ್ಪು ಅಂತ ಎಲ್ರೂ ಕೇಳಿದ್ರಿ ಕಣೋ. ಏನಾಯ್ತು ಅಂತ ಒಬ್ರೂ ಕೇಳ್ಲಿಲ್ಲ.’

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ರಾಜಕೀಯವಾಗಲಿ, ಕ್ರೀಡೆಯಾಗಲಿ, ನಾವು ಮೊದಲು ನಮ್ಮ ಕಡೆ ಯಾವುದೆಂದು ಗೊತ್ತು ಮಾಡಿಕೊಳ್ಳುತ್ತೇವೆ. ಅದಕ್ಕೆ ಬೇಕಾದ ಸಂಗತಿಗಳನ್ನು ಆಮೇಲೆ ಹುಡುಕುತ್ತೇವೆ. ಅಂದು ಪ್ರಶ್ನೆ ಕೇಳಬೇಕಾದದ್ದು ಒಬ್ಬರನ್ನಲ್ಲ. ಮೆರವಣಿಗೆ ಇಲ್ಲ ಎಂದು ಸಂಚಾರ ಪೊಲೀಸರು ಮಧ್ಯಾಹ್ನದ ಹೊತ್ತಿಗೆ ತಿಳಿಸಿದ್ದರು. ಅದಾದ ಮೇಲೆ, ಸಂಜೆ ವಿಜಯ ಮೆರವಣಿಗೆ ಇದೆ ಎಂದು ತಂಡದ ಖಾತೆಯಿಂದಲೇ ಪ್ರಕಟಣೆ ಬಂತು. ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಇಟ್ಟುಕೊಂಡದ್ದು ಸರ್ಕಾರ. ಮರುದಿನವೇ, ತನಿಖೆ ಮುಗಿಯುವ ಮೊದಲೇ, ನಗರ ಪೊಲೀಸ್ ಆಯುಕ್ತರೂ ಸೇರಿ ಅಧಿಕಾರಿಗಳು ಅಮಾನತಾದರು. ಹೀಗೆ ತಂಡಕ್ಕೂ ಸರ್ಕಾರಕ್ಕೂ ಪೊಲೀಸರಿಗೂ ಕೇಳುವ ಪ್ರಶ್ನೆಗಳಿದ್ದವು. ನಾವು ಒಬ್ಬೊಬ್ಬರೂ ನಮಗಾಗದವರಿಗೆ ಮಾತ್ರ ಕೇಳಿದೆವು.

ಅದೇ ವರ್ಷ ಇನ್ನೆರಡು ಕಡೆ ಇಂಥದ್ದೇ ನಡೆಯಿತು. ಜನವರಿ 29ರಂದು ಪ್ರಯಾಗರಾಜದ ಕುಂಭಮೇಳದ ಕಾಲ್ತುಳಿತದಲ್ಲಿ, ಅಂದು ಅಧಿಕಾರಿಗಳು ಕೊಟ್ಟ ಲೆಕ್ಕದ ಪ್ರಕಾರವೇ, 30 ಜನ ಸತ್ತರು. ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ರಾಜಕೀಯ ಸಭೆಯಲ್ಲಿ 41 ಜನ ಸತ್ತರು. ಒಂದು ಧರ್ಮದ ಜಾತ್ರೆ, ಒಂದು ಕ್ರಿಕೆಟ್ ಸಂಭ್ರಮ, ಒಂದು ಚುನಾವಣಾ ರಾಜಕೀಯ. ಮೂರು ರಾಜ್ಯಗಳಲ್ಲಿ ಆಡಳಿತ ಬೇರೆ ಬೇರೆ ಪಕ್ಷಗಳದ್ದು. ಆದರೆ ಕೇಳಬೇಕಾದ ಪ್ರಶ್ನೆಗಳು ಒಂದೇ. ಎಷ್ಟು ಜನ ಬರುತ್ತಾರೆಂದು ಅಂದಾಜು ಮಾಡಿದ್ದವರು ಯಾರು? ಅನುಮತಿ ಕೊಟ್ಟವರು ಯಾರು? ಹೊರಗೆ ಹೋಗುವ ದಾರಿ ಎಷ್ಟಿತ್ತು? ಒಂದು ಕಡೆ ‘ರಾಜೀನಾಮೆ ಕೊಡಲಿ’ ಎಂದವರೇ ಇನ್ನೊಂದು ಕಡೆ ‘ಅಷ್ಟು ಜನ ಸೇರಿದ ಮೇಲೆ ಯಾರೇನು ಮಾಡೋಕಾಗುತ್ತೆ’ ಎಂದದ್ದನ್ನು ನಾನು ನಮ್ಮ ಗುಂಪಿನಲ್ಲೇ ನೋಡಿದೆ. ಎಲ್ಲ ಪಕ್ಷದ ಗೆಳೆಯರಲ್ಲೂ ನೋಡಿದೆ. ಜನರನ್ನು ತುಳಿದ ನೂಕುನುಗ್ಗಲು ಎಲ್ಲ ಕಡೆಯೂ ಒಂದೇ ಆಗಿತ್ತು, ನಮ್ಮ ನ್ಯಾಯ ಮಾತ್ರ ಊರಿಗೊಂದಾಗಿತ್ತು.

ಇಷ್ಟು ದೂರ ಹೋಗುವುದೇ ಬೇಡ. ನಮ್ಮ ಅರಕಲಗೂಡು ಕ್ಷೇತ್ರವನ್ನೇ ನೋಡಿ. ಎ. ಮಂಜು ಅವರು ಕಾಂಗ್ರೆಸ್‌ ಶಾಸಕರಾಗಿ ಸಚಿವರಾಗಿದ್ದವರು. 2019ರಲ್ಲಿ ಹಾಸನ ಲೋಕಸಭೆಗೆ ಬಿಜೆಪಿ ಅಭ್ಯರ್ಥಿಯಾಗಿ ಜೆಡಿಎಸ್ ವಿರುದ್ಧ ನಿಂತರು. 2023ರಲ್ಲಿ ಅದೇ ಜೆಡಿಎಸ್‌ನಿಂದ ಗೆದ್ದು ಶಾಸಕರಾದರು. ಪಕ್ಷಗಳೇನೂ ಕಡಿಮೆಯಿಲ್ಲ. 2019ರಲ್ಲಿ ಜೆಡಿಎಸ್ ಮತ್ತು ಕಾಂಗ್ರೆಸ್ ಒಟ್ಟಿಗೆ ಮತ ಕೇಳಿದವು, 2024ರಲ್ಲಿ ಜೆಡಿಎಸ್ ಮತ್ತು ಬಿಜೆಪಿ. ನಾಯಕರು ಪಕ್ಷ ಬದಲಿಸುವುದು, ಪಕ್ಷಗಳು ಜೊತೆ ಬದಲಿಸುವುದು ಅವರ ಹಕ್ಕು, ಅದಕ್ಕೆ ತೀರ್ಪು ಕೊಡುವುದು ಮತದಾರರು. ನನ್ನ ತಕರಾರು ನಮ್ಮ ಬಗ್ಗೆ. ಮೊನ್ನೆಯವರೆಗೆ ‘ಅವಕಾಶವಾದಿ’ ಎಂದು ಬೈದವರೇ ನಮ್ಮ ಕಡೆಗೆ ಬಂದೊಡನೆ ‘ಅನುಭವಿ’ ಆಗಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಒಂದು ಪಕ್ಷ, ದೊಡ್ಡಪ್ಪ ಇನ್ನೊಂದು. ಹಬ್ಬದ ಊಟಕ್ಕೆ ಕೂತಾಗ ಈ ಮಾತು ಬಂದರೆ ಪಾಯಸ ಬರುವ ಹೊತ್ತಿಗೆ ಒಬ್ಬರು ಎದ್ದು ಹೋಗಿರುತ್ತಾರೆ. ಮೈತ್ರಿ ಬದಲಾದಾಗ ಇಬ್ಬರೂ ತಮ್ಮ ಮಾತುಗಳನ್ನು ಅದಲುಬದಲು ಮಾಡಿಕೊಂಡರು, ಜಗಳ ಮಾತ್ರ ಹಾಗೇ ಉಳಿಯಿತು!

ಹಾಗಾದರೆ ನ್ಯಾಯವಾಗಿ ಮಾತನಾಡುವುದೆಂದರೆ ಎರಡೂ ಕಡೆಗೆ ಅರ್ಧರ್ಧ ತಪ್ಪು ಹಂಚುವುದೇ? ಖಂಡಿತ ಅಲ್ಲ. ಟಿವಿ ಚರ್ಚೆಯಲ್ಲಿ ಇಬ್ಬರನ್ನು ಕೂರಿಸಿ ಇಬ್ಬರಿಗೂ ಸಮನಾಗಿ ಕಿರುಚಲು ಬಿಟ್ಟರೆ ಅದು ಸಮತೋಲನ ಆಗುವುದಿಲ್ಲ. ಒಬ್ಬರದೇ ಪೂರ್ತಿ ತಪ್ಪಿದ್ದರೆ ಹಾಗೆಂದೇ ಹೇಳಬೇಕು. ಆದರೆ ಆ ತೀರ್ಮಾನಕ್ಕೆ ಬಂದ ಅಳತೆಗೋಲು ಇಬ್ಬರಿಗೂ ಒಂದೇ ಆಗಿರಬೇಕು. ಮೊದಲ ವರ್ಷದ ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟಾಗ ನಮಗೆ ಮೊದಲು ಕಲಿಸಿದ್ದು ಶೂನ್ಯ ದೋಷ ನೋಡುವುದನ್ನು. ಉಪಕರಣದಲ್ಲೇ ದೋಷವಿದ್ದರೆ ನೂರು ಸಲ ಅಳೆದರೂ ಉತ್ತರ ತಪ್ಪೇ. ಮೊದಲು ಅದೆಷ್ಟೆಂದು ತಿಳಿದುಕೊಂಡು ಲೆಕ್ಕದಲ್ಲಿ ಕಳೆಯಬೇಕು ಅಥವಾ ಕೂಡಿಸಬೇಕು. ನಾನು ಆರ್‌ಸಿಬಿ ಅಭಿಮಾನಿ ಎಂಬುದು ನನ್ನ ಶೂನ್ಯ ದೋಷ. ಅಭಿಮಾನ ಬಿಡಬೇಕಿಲ್ಲ, ಆದರೆ ಮಾತನಾಡುವ ಮೊದಲು ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದು ಪುಸ್ತಕದ ಮಾತು ಎನ್ನುವವರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರನ್ನು ನೆನೆಯಬೇಕು. 1980ರ ಫೆಬ್ರುವರಿ, ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ಅವರೇ ನಾಯಕ. ಇಂಗ್ಲೆಂಡಿನ ಐದು ವಿಕೆಟ್ ಬಿದ್ದಿದ್ದವು. ಬಾಬ್ ಟೇಲರ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಸ್ಲಿಪ್‌ನಲ್ಲಿದ್ದ ವಿಶ್ವನಾಥ್ ಅವರಿಗೆ ಅನ್ನಿಸಿತು. ಟೇಲರ್ ಅವರನ್ನು ವಾಪಸ್ ಕರೆದರು. ಅದರ ಬೆಲೆ ಕಡಿಮೆಯೇನಿರಲಿಲ್ಲ. ಟೇಲರ್ ಮತ್ತು ಇಯಾನ್ ಬಾಥಮ್ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಇಂದು ಯಾರಾದರೂ ಹೀಗೆ ಮಾಡಿದರೆ ಸಂಜೆಯೊಳಗೆ ಅವರನ್ನು ದೇಶದ್ರೋಹಿ ಮಾಡಿಬಿಡುತ್ತೇವೇನೋ. ಆದರೆ ಎದುರಾಳಿಯ ಕೀಪರ್ ಹೀಗೆ ನಮ್ಮವರ ವಿಷಯದಲ್ಲಿ ಅಪೀಲು ಮಾಡಿ ಗೆದ್ದಿದ್ದರೆ ನಾವು ಏನೆನ್ನುತ್ತಿದ್ದೆವು? ವಿಶ್ವನಾಥ್ ಎದುರಾಳಿಗೂ ತಮಗೂ ಒಂದೇ ಅಳತೆ ಹಿಡಿದರು. ನ್ಯಾಯವಾಗಿರುವುದರಿಂದ ಕೆಲವೊಮ್ಮೆ ನಾವು ಸೋಲುತ್ತೇವೆ. ನಷ್ಟವಿಲ್ಲದ ಕಡೆ ಮಾತ್ರ ನ್ಯಾಯವಾಗಿದ್ದರೆ ಅದಕ್ಕೆ ಅರ್ಥವಿಲ್ಲ.

ನಾವು ಓದುವ, ಕೆಲಸ ಹುಡುಕುವ ವಯಸ್ಸಿನವರು. ಕ್ಯಾಂಪಸ್ ಆಯ್ಕೆಯ ಗುಂಪು ಚರ್ಚೆಗೆ ತಯಾರಾಗುವಾಗ ಒಂದೇ ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಮಾತನಾಡುವುದನ್ನು ಕಲಿಯುತ್ತೇವೆ. ಅಂದರೆ ಎರಡೂ ಕಡೆ ನೋಡುವ ಶಕ್ತಿ ನಮಗಿದೆ. ಅದನ್ನು ಕೆಲಸಕ್ಕಾಗಿ ಬಳಸುತ್ತೇವೆ, ನಮ್ಮ ಪಕ್ಷ, ನಮ್ಮ ತಂಡದ ಮಾತು ಬಂದಾಗ ಪಕ್ಕಕ್ಕಿಡುತ್ತೇವೆ. ನಾನು ಈಗ ಒಂದು ಸಣ್ಣ ಅಭ್ಯಾಸ ಮಾಡಿಕೊಂಡಿದ್ದೇನೆ. ಏನಾದರೂ ಕಳಿಸುವ ಮೊದಲು, ಅದರಲ್ಲಿರುವ ಪಕ್ಷದ ಅಥವಾ ತಂಡದ ಹೆಸರು ತೆಗೆದು ಎದುರಿನವರ ಹೆಸರು ಹಾಕಿ ಓದುತ್ತೇನೆ. ಆಗಲೂ ಅದೇ ಮಾತು ಹೇಳಬಲ್ಲೆನಾದರೆ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ ಬಹುಪಾಲು ಅಳಿಸಿಯೇ ಹಾಕುತ್ತೇನೆ. ನೀವೂ ಒಂದು ವಾರ ಮಾಡಿ ನೋಡಿ.

ಅಂದು ಗೆಳೆಯ ಹೋದ ಮೇಲೆ ನಾನು ಗುಂಪಿನಲ್ಲಿ ಬರೆದೆ: ‘ತಂಡದ್ದೇನೂ ತಪ್ಪಿಲ್ಲ ಅಂದಿದ್ದೆ. ಏನೂ ತಿಳಿಯದೆ ಹೇಳಿದ್ದು. ಅದು ನನ್ನ ತಪ್ಪು.’ ಯಾರೂ ಉತ್ತರಿಸಲಿಲ್ಲ. ರಾತ್ರಿ ಅವನೊಬ್ಬನೇ ಫೋನ್ ಮಾಡಿದ. ಆ ಸಂಜೆ ಅಲ್ಲಿ ಏನಾಯಿತೆಂದು ಮೊದಲಿನಿಂದ ಹೇಳತೊಡಗಿದ. ಈ ಸಲ ನಾನು ನಡುವೆ ಬಾಯಿ ಹಾಕದೆ ಕೇಳಿದೆ.